ಸಣ್ಣ ಟ್ರ್ಯಾಕ್ಟರ್‌ಗೆ ಪಂಚರ್ ಆಗದ ಟೈರ್ ಬೇಕಾ, ಬೇಡವಾ?

ಪರ: ತೊಗರಿ ಕೂಳೆ ಮುಂದೆ ಗಾಳಿ ನಿಲ್ಲುವುದಿಲ್ಲ

ತೊಗರಿ ಕೊಯ್ದ ಹೊಲದಲ್ಲಿ ಒಮ್ಮೆ ಬರಿಗಾಲಲ್ಲಿ ನಡೆದು ನೋಡಿ. ನಮ್ಮ ಜೇವರ್ಗಿ ಕಡೆ ಯಾರೂ ಆ ಧೈರ್ಯ ಮಾಡುವುದಿಲ್ಲ. ಓರೆಯಾಗಿ ಕೊಯ್ದ ಕೂಳೆ ನೆಲದಿಂದ ನಾಲ್ಕು ಬೆರಳು ಮೇಲೆ ನಿಂತಿರುತ್ತದೆ. ಹೆಬ್ಬೆರಳು ದಪ್ಪ, ತುದಿ ಉಳಿಯ ಹಾಗೆ. ಹಸಿ ಇದ್ದಾಗ ಸ್ವಲ್ಪ ಬಾಗುತ್ತದೆ. ಎಂಟು ದಿನ ಬಿಸಿಲಿಗೆ ಒಣಗಿದರೆ ಅದು ಮೊಳೆಯೇ. ಆ ಮೊಳೆಗಳ ಮೇಲೆ ನಾವು ಓಡಿಸುವುದು ಏನನ್ನ? ಗಾಳಿ ತುಂಬಿದ ಟ್ಯೂಬ್!

ದೊಡ್ಡ ಟ್ರ್ಯಾಕ್ಟರ್ ಇದ್ದವರಿಗೆ ಈ ಕಷ್ಟ ಅಷ್ಟಿಲ್ಲ. ಅವರ ಹಿಂದಿನ ಟೈರ್ 13.6-28, ಅಂದರೆ 13.6 ಇಂಚು ಅಗಲ, 28 ಇಂಚಿನ ರಿಮ್, ರಬ್ಬರೂ ದಪ್ಪ. ನನ್ನದು 24 ಎಚ್‌ಪಿ ಗಾಡಿ. ಮುಂದಿನ ಟೈರ್ ಚಿಕ್ಕದು, ತೆಳ್ಳಗಿನದು, ಕೂಳೆ ಮೇಲೆ ಮೊದಲು ಹತ್ತುವುದೂ ಅದೇ. ಹಿಂದಿನ ಟೈರಿನ ಬಟನ್, ಅಂದರೆ ಮೇಲೆ ಎದ್ದ ರಬ್ಬರ್ ಗಟ್ಟಿ, ದಪ್ಪ ಇದೆ ನಿಜ, ಆದರೆ ಕೂಳೆ ಬಟನ್ ಮೇಲೆ ಚುಚ್ಚುತ್ತದಾ? ಎರಡು ಬಟನ್ ನಡುವಿನ ತೆಳು ಜಾಗವನ್ನೇ ಹುಡುಕಿ ಚುಚ್ಚುತ್ತದೆ. ಅಲ್ಲಿಂದ ಪಾರಾಗಿ ಬದುವಿಗೆ ಬಂದರೆ ಬಳ್ಳಾರಿ ಜಾಲಿ ಕಾಯುತ್ತಿರುತ್ತದೆ.

ಎರಡು ವರ್ಷದ ಹಿಂದಿನ ಜನವರಿ ಮಾತು. ತೊಗರಿ ಕೊಯ್ದು ಹೊಲದಲ್ಲಿ ಗೂಡು ಹಾಕಿದ್ದೆವು. ಅವತ್ತು ಎಲ್ಲ ಕಣಕ್ಕೆ ಸಾಗಿಸಿ ಮರುದಿನ ರಾಶಿ ಮಾಡಬೇಕು, ಮಷಿನ್ ಹೇಳಿಟ್ಟಾಗಿತ್ತು. ಮಧ್ಯಾಹ್ನ ಮೋಡ ಶುರುವಾಯಿತು. ಜನವರಿಯಲ್ಲಿ ಮೋಡ! ಎರಡನೇ ಟ್ರಿಪ್‌ಗೆ ಮುಂದಿನ ಎಡಗಾಲಿ ಕೂತುಬಿಟ್ಟಿತು. ಹೊಲ ಊರಿಂದ ಆರು ಕಿಲೋಮೀಟರ್. ಟ್ರೇಲರ್ ತುಂಬ ತೊಗರಿ, ಎರೆ ನೆಲ, ಜಾಕ್ ಇಟ್ಟರೆ ಜಾಕೇ ಒಳಗೆ ಇಳಿಯುತ್ತದೆ. ಕೆಳಗೆ ಹಲಗೆ ಇಟ್ಟು ಎತ್ತಿ, ಗಾಲಿ ಬಿಚ್ಚಿ, ಬೈಕ್ ಹಿಂದೆ ಮಗನ ತೊಡೆ ಮೇಲೆ ಇಟ್ಟುಕೊಂಡು ಪಂಚರ್ ಅಂಗಡಿಗೆ ಹೋದೆವು. ಅವನು ಟ್ಯೂಬಿಗೆ ತೇಪೆ ಹಾಕಿ ಕಳಿಸಿದ. ವಾಪಸ್ ಬಂದು ಗಾಲಿ ಹಾಕಿ ಅರ್ಧ ಗಂಟೆ ಓಡಿಸಿರಬೇಕು, ಮತ್ತೆ ಅದೇ ಗಾಲಿ ಠುಸ್! ಎರಡನೇ ಸಲ ಅಂಗಡಿಯಲ್ಲಿ ನಾನೇ ಟೈರ್ ಒಳಗೆ ಕೈ ಹಾಕಿ ಸವರಿದೆ. ಬೆರಳಿಗೆ ಚುರ್ ಅಂತ ತಾಗಿತು. ಮುರಿದ ಕೂಳೆ ತುದಿ, ಅಕ್ಕಿ ಕಾಳಿಗಿಂತ ಸ್ವಲ್ಪ ಉದ್ದ, ಟೈರಿನ ನೂಲಿನ ಪದರದಲ್ಲಿ ಹಾಗೇ ಸಿಕ್ಕಿಕೊಂಡಿತ್ತು. ಮೊದಲ ಸಲವೇ ಅದನ್ನು ತೆಗೆದಿದ್ದರೆ!

ಹೊಲಕ್ಕೆ ಬಂದಾಗ ಕತ್ತಲೆ. ರಾತ್ರಿ ಒಂಬತ್ತಕ್ಕೆ ಮಳೆ ಬಂತು. ಇದ್ದ ತಾಡಪಾಲನ್ನು ಕಣದಲ್ಲಿದ್ದ ತೊಗರಿಗೆ ಹೊದಿಸಿದ್ದೆವು, ಹೊಲದಲ್ಲಿ ಉಳಿದದ್ದು ನೆನೆಯಿತು. ಕಾಳು ಕಪ್ಪಾಯಿತು. ಕಲಬುರಗಿ ಗಂಜ್‌ನಲ್ಲಿ ಆ ಚೀಲಗಳಿಗೆ ಕಡಿಮೆ ರೇಟ್ ಕೂಗಿದರು. 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ನಮ್ಮ ತೊಗರಿ, ಒಂದು ಕಡ್ಡಿಗೆ ಸೋತು ಕೂತಿತು. ನನ್ನ ಹೆಂಡತಿ ಅವತ್ತು ಊಟ ಮಾಡಲಿಲ್ಲ.

ಆ ಬೇಸಿಗೆಯಲ್ಲೇ ಮುಂದಿನ ಎರಡೂ ಟೈರಿಗೆ ಫೋಮ್ ತುಂಬಿಸಿದೆ. ಕಲ್ಲು ಗಣಿಯ ಲೋಡರ್‌ಗಳಿಗೆ ತುಂಬುವ ಪಾಲಿಯುರೆಥೇನ್ ಅದು. ಎರಡು ದ್ರವ ಬೆರೆಸಿ ವಾಲ್ವ್‌ನಿಂದ ಒಳಗೆ ತಳ್ಳುತ್ತಾರೆ, ಗಾಳಿ ಹೊರಗೆ ಹೋಗುತ್ತದೆ, ಒಂದೆರಡು ದಿನ ಬಿಟ್ಟರೆ ಒಳಗೆ ಗಟ್ಟಿ ರಬ್ಬರ್ ಹಾಗೆ ಆಗುತ್ತದೆ. ಎರಡು ಹೊಸ ಟೈರಿನ ಬೆಲೆಗಿಂತ ಜಾಸ್ತಿ ಬಿತ್ತು. ಬೀಳಲಿ. ಎರಡು ಸುಗ್ಗಿ ಆಯಿತು, ಮುಂದಿನ ಗಾಲಿ ಒಮ್ಮೆಯೂ ಬಿಚ್ಚಿಲ್ಲ. ಕೂಳೆ ಚುಚ್ಚುತ್ತದೆ, ಹಾಗೇ ಮುರಿದು ಅಲ್ಲೇ ಇರುತ್ತದೆ, ಗಾಡಿ ಮುಂದೆ ಹೋಗುತ್ತದೆ. ಗಾಲಿಯ ತೂಕ ಹೆಚ್ಚಿದ್ದೂ ಒಳ್ಳೆಯದೇ ಆಯಿತು. ಹಿಂದೆ ಕಲ್ಟಿವೇಟರ್ ಎತ್ತಿದಾಗ ಮೂತಿ ಮೇಲೇಳುವುದು ನಿಂತಿದೆ. ಈ ವರ್ಷ ಹಿಂದಿನದಕ್ಕೂ ತುಂಬಿಸುತ್ತೇನೆ.

ಗಟ್ಟಿ ಗಾಲಿಯಿಂದ ನೆಲ ಅದುಮುತ್ತದೆ ಅಂತ ಹೇಳುವವರಿದ್ದಾರೆ. ನಮ್ಮದು ಎರೆ ಭೂಮಿ ಸ್ವಾಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ತಾನೇ ಸಡಿಲ ಆಗುತ್ತದೆ. ಅಪ್ಪನ ಬಂಡಿಗೆ ಕಬ್ಬಿಣದ ಹಳಿ ಇತ್ತು, ನಲವತ್ತು ವರ್ಷ ಅದೇ ಹೊಲದಲ್ಲಿ ಓಡಾಡಿತು, ನೆಲಕ್ಕೆ ಏನೂ ಆಗಲಿಲ್ಲ. ಪಂಚರೂ ಆಗಲಿಲ್ಲ.

ವಿರೋಧ: ಟೈರ್ ಒಳಗಿನ ಗಾಳಿಗೂ ಕೆಲಸ ಇದೆ

ನನಗೆ ವಿರೋಧದ ಕಡೆ ಬರೆಯಲು ಹೇಳಿದ್ದಾರೆ, ಬರೆಯುತ್ತಿದ್ದೇನೆ. ಭಾಲ್ಕಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ನನ್ನ ಕಸುಬು. ಪಂಚರ್ ಕಷ್ಟ ನನಗೂ ಗೊತ್ತು. ಆದರೂ ನಾಲ್ಕೂ ಗಾಲಿಗೆ ಫೋಮ್ ಬೇಡ ಎನ್ನುವ ಮಾತಿಗೆ ನಾನು ಒಪ್ಪುತ್ತೇನೆ.

ಬಂಡಿಯ ಹಳಿ ಚೆನ್ನಾಗಿತ್ತು ಅನ್ನುವುದಾದರೆ ಟ್ರ್ಯಾಕ್ಟರ್‌ಗೂ ಕಬ್ಬಿಣದ ಗಾಲಿಯೇ ಹಾಕಿಸಬಹುದಲ್ವಾ? ಮೊದಲು ಹಾಗೇ ಇತ್ತು. ಅಮೆರಿಕದ ಅಲಿಸ್-ಚಾಲ್ಮರ್ಸ್ ಕಂಪನಿ 1932ರಲ್ಲಿ ಟ್ರ್ಯಾಕ್ಟರ್‌ಗೆ ಗಾಳಿ ಟೈರ್ ಹಾಕಿ ಮಾರಲು ಶುರು ಮಾಡಿತು. ಕೆಲವೇ ವರ್ಷಗಳಲ್ಲಿ ಉಳಿದವರೂ ಅದೇ ದಾರಿ ಹಿಡಿದರು. ಗಾಳಿ ಟೈರಿನಲ್ಲಿ ಎಂಜಿನ್ ಶಕ್ತಿ ಕಡಿಮೆ ಪೋಲಾಗುತ್ತದೆ, ಎಣ್ಣೆ ಉಳಿಯುತ್ತದೆ, ಕೂತವನ ಬೆನ್ನೂ ಉಳಿಯುತ್ತದೆ.

ಸಣ್ಣ ಗಾಡಿಯ ಹಿಂದಿನ ಟೈರಿಗೆ ಹೊಲದಲ್ಲಿ 12ರಿಂದ 14 ಪೌಂಡ್ ಗಾಳಿ ಸಾಕು. ಅಷ್ಟಿದ್ದರೆ ಟೈರ್ ಸ್ವಲ್ಪ ಚಪ್ಪಟೆಯಾಗಿ ಅಗಲ ಜಾಗದಲ್ಲಿ ಕೂರುತ್ತದೆ, ಹಿಡಿತ ಸಿಗುತ್ತದೆ. ರಸ್ತೆಗೆ ಬಂದಾಗ ಗಾಳಿ ಹೆಚ್ಚಿಸಬಹುದು. ಫೋಮ್ ತುಂಬಿದರೆ ಹೆಚ್ಚು ಕಡಿಮೆ ಮಾಡುವ ಮಾತೇ ಇಲ್ಲ. 9.5-24 ಅಳತೆಯ ಹಿಂದಿನ ಟೈರ್ ತುಂಬಿಸಿದರೆ ಒಂದೊಂದು ಗಾಲಿಗೆ ಸುಮಾರು ನೂರು ಕಿಲೋ ಏರುತ್ತದೆ. 24 ಎಚ್‌ಪಿ ಎಂಜಿನ್ ಅದನ್ನು ಇಡೀ ದಿನ ಸುಮ್ನೆ ಹೊತ್ತು ತಿರುಗಬೇಕು. ಎರೆ ಭೂಮಿ ಬಿರುಕು ಬಿಡುವುದು ಬೇಸಿಗೆಯಲ್ಲಿ. ಸೆಪ್ಟೆಂಬರ್‌ನಲ್ಲಿ ಹಸಿ ಇರುವಾಗಲೇ ಜೋಳ ಬಿತ್ತಲು ಗಾಡಿ ಇಳಿಸುತ್ತೀರಿ, ಆಗ ಅದುಮಿದ್ದು ಆ ಬೆಳೆಗೆ ಅದುಮಿದ ಹಾಗೇ.

ಶಾಖದ ಮಾತೂ ಇದೆ. ಫೋಮ್ ಟೈರ್ ನಿಧಾನ ಓಡುವ ಯಂತ್ರಕ್ಕೆ ಮಾಡಿದ್ದು. ಏಪ್ರಿಲ್ ಬಿಸಿಲಲ್ಲಿ ಟ್ರೇಲರ್ ತುಂಬಿಕೊಂಡು ಡಾಂಬರ್ ರಸ್ತೆಯಲ್ಲಿ ಗಂಟೆಗಟ್ಟಲೆ ಜೋರಾಗಿ ಓಡಿಸಿದರೆ ಒಳಗಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲ.

ಹಾಗಾದರೆ ಏನು ಮಾಡಬೇಕು? ಒಂದು ಟ್ಯೂಬ್, ಒಂದು ಜಾಕ್, ಒಂದು ಹಲಗೆ ಗಾಡಿಯಲ್ಲಿ ಇಟ್ಟುಕೊಳ್ಳಿ. ಸುಗ್ಗಿಗೆ ಮೊದಲು ಸವೆದ ಮುಂದಿನ ಟೈರ್ ಬದಲಿಸಿ, 6 ಪ್ಲೈ ಇದ್ದರೆ 8 ಪ್ಲೈ ಹಾಕಿಸಿ (ಪ್ಲೈ ಅಂದರೆ ಟೈರಿನ ಬಲದ ಅಳತೆ). ಕೂಳೆಯನ್ನು ನೆಲಮಟ್ಟಕ್ಕೆ ಕೊಯ್ಯಿಸಿ. ಟೈರ್ ಒಳಗೆ ಹಾಕುವ ಸೀಲಂಟ್ ದ್ರವವೂ ಸಿಗುತ್ತದೆ, ಜಾಲಿ ಮುಳ್ಳಿನ ತೂತನ್ನು ಮುಚ್ಚುತ್ತದೆ. ಟ್ಯೂಬ್‌ಲೆಸ್ ಟೈರಿನಲ್ಲಿ ಅದು ಚೆನ್ನಾಗಿ ನಿಲ್ಲುತ್ತದೆ. ಟ್ಯೂಬ್ ಸೀಳಿದರೆ ನಿಲ್ಲುವುದಿಲ್ಲ, ಆಮೇಲೆ ಆ ಅಂಟಿನ ಮೇಲೆ ತೇಪೆಯೂ ಸರಿಯಾಗಿ ಕೂರುವುದಿಲ್ಲ. ನನ್ನ ಗಾಡಿಯ ಮುಂದಿನ ಗಾಲಿಗೆ ನಾನೂ ಹಾಕಿದ್ದೇನೆ.

ಮುಂದಿನ ಎರಡಕ್ಕೆ ಮಾತ್ರ ಫೋಮ್ ತುಂಬಿಸುತ್ತೇನೆ ಅಂತ ಯಾರಾದರೂ ನನ್ನ ಅಂಗಡಿಗೆ ಬಂದರೆ ಬೇಡ ಅನ್ನುವುದಿಲ್ಲ. ಹಿಂದಿನದಕ್ಕೆ ಅಂದರೆ ಕೂರಿಸಿ ಚಹಾ ಕೊಟ್ಟು ಒಂದು ಮಾತು ಕೇಳುತ್ತೇನೆ: ಟೈರ್ ಸವೆದ ದಿನ ಒಳಗಿನ ಫೋಮ್ ಹೇಗೆ ತೆಗೆಯುತ್ತೀರಿ? ಅದು ಗಾಳಿಯ ಹಾಗೆ ವಾಲ್ವ್ ಒತ್ತಿದರೆ ಹೋಗುವುದಿಲ್ಲ. ಟೈರ್ ಸಮೇತ ಗರಗಸದಲ್ಲಿ ಕೊಯ್ದು ರಿಮ್‌ನಿಂದ ಬಿಡಿಸಬೇಕು, ಹಾಕಿದ ದುಡ್ಡೂ ಅದರ ಜೊತೆಗೇ ಹೋಗುತ್ತದೆ.