ಕೌನ್ಸೆಲರ್ ಮೇಡಂ ಆಗಬೇಕೋ, ಸರ್ ಆಗಬೇಕೋ?

ಇಂಗ್ಲೆಂಡಿನಲ್ಲಿ ಖಿನ್ನತೆ, ಆತಂಕಗಳ ಮಾತಿನ ಚಿಕಿತ್ಸೆಗೆ ಜಿಪಿಯ, ಅಂದರೆ ಬಡಾವಣೆಯ ಕುಟುಂಬ ವೈದ್ಯರ, ಚೀಟಿ ಬೇಕಿಲ್ಲ. ಜಿಪಿ ಬಳಿ ಹೆಸರು ನೋಂದಾಯಿಸಿದ್ದರೆ ಸಾಕು, ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ಗೆ ನಾವೇ ಅರ್ಜಿ ಹಾಕಬಹುದು. ಫೋನಿನಲ್ಲಿ ಮೊದಲ ಮಾತುಕತೆ. ಖಿನ್ನತೆ ಅಳೆಯಲು ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯು-9, ಆತಂಕ ಅಳೆಯಲು ಏಳು ಪ್ರಶ್ನೆಗಳ ಜಿಎಡಿ-7. ಆಗಲೇ ಹೇಳಿಕೊಳ್ಳಬಹುದು: ನನಗೆ ಹೆಂಗಸೇ ಬೇಕು, ಅಥವಾ ಗಂಡಸೇ ಬೇಕು. ಖಾತ್ರಿ ಕೊಡುವುದಿಲ್ಲ, ಆದರೆ ಆದಷ್ಟು ನಡೆಸಿಕೊಡುತ್ತಾರೆ.

ಕರ್ನಾಟಕದ ನಮ್ಮ ಊರಲ್ಲಿ ಈ ಪ್ರಶ್ನೆ ಏಳುವುದಿಲ್ಲ ಅಂತಲ್ಲ, ಉತ್ತರ ಹೇಳುವವರು ಬೇರೆ. ‘ಮೇಡಂ ಆದ್ರೆ ಕರ್ಕೊಂಡು ಹೋಗ್ತೀವಿ’ ಎನ್ನುವುದು ಅತ್ತೆ, ಗಂಡ ಅಥವಾ ಅಪ್ಪ. ಮಾತಾಡಬೇಕಾದವಳನ್ನು ಯಾರೂ ಕೇಳಿರುವುದಿಲ್ಲ. ಇದರಲ್ಲೂ ಒಂದು ಲಾಭವಿದೆ, ಅಲ್ಲಗಳೆಯಲಾರೆ: ಎಷ್ಟೋ ಮನೆಗಳಲ್ಲಿ ‘ಮೇಡಂ’ ಎಂಬ ಪದವೇ ಹೊಸಿಲು ದಾಟುವ ಪರವಾನಗಿ. ತೊಂದರೆ ಶುರುವಾಗುವುದು ಕೋಣೆಯೊಳಗೆ ಜೊತೆಗೆ ಬಂದವರೂ ಕುರ್ಚಿ ಎಳೆದುಕೊಂಡಾಗ. ಅತ್ತೆ ಪಕ್ಕದಲ್ಲೇ ಕೂತಿದ್ದರೆ ಎದುರಿಗಿರುವವರು ಹೆಂಗಸಾದರೇನು, ಗಂಡಸಾದರೇನು? ಮೊದಲ ಭೇಟಿಯಲ್ಲಿ ಹತ್ತು ನಿಮಿಷ ಮನೆಯವರ ಜೊತೆ, ಉಳಿದದ್ದು ಒಬ್ಬರೇ ಎಂದು ಕೌನ್ಸೆಲರ್ ತಾವಾಗಿ ಹೇಳದಿದ್ದರೆ ನಾವೇ ಕೇಳಬೇಕು.

ಹಾಗಾದರೆ ಲಿಂಗ ಮುಖ್ಯವೇ? ಚಿಕಿತ್ಸೆಯ ಫಲದ ಮಟ್ಟಿಗೆ ಹೇಳುವುದಾದರೆ, ಚಿಕಿತ್ಸಕರ ಲಿಂಗದಿಂದ ಆಗುವ ವ್ಯತ್ಯಾಸ ತೀರಾ ಸಣ್ಣದು. ತೂಕವಿರುವುದು ಇಬ್ಬರ ನಡುವೆ ಕೂಡಿಬರುವ ನಂಟಿಗೆ. 295 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ ಆ ನಂಟಿಗೂ ಫಲಕ್ಕೂ ಇರುವ ಸಂಬಂಧ ಸುಮಾರು 0.28 ಬಂತು (ಸಂಬಂಧವೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1). ಅದೇನೂ ಪವಾಡದ ಅಂಕಿಯಲ್ಲ, ಆದರೂ ಈ ಕ್ಷೇತ್ರದಲ್ಲಿ ಸ್ಥಿರವಾಗಿ ಕಾಣಿಸುವ ಕೆಲವೇ ಅಂಕಿಗಳಲ್ಲಿ ಒಂದು. ಲಿಂಗದ ಮಾತು ಬರುವುದು ಇಲ್ಲಿಯೇ: ಬಾಯಿಯೇ ಬಿಡಲಾಗದಿದ್ದರೆ ನಂಟು ಕೂಡುವುದೆಲ್ಲಿಂದ? ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹೊಡೆತ, ಬಾಣಂತಿತನದ ಖಿನ್ನತೆ, ದಾಂಪತ್ಯದ ಮೈಸಂಬಂಧದ ತೊಡಕು, ಧಾತು ಹೋಗುತ್ತಿದೆಯೆಂಬ ಗಂಡಸರ ಭಯ, ಇಂಥವಕ್ಕೆ ಲಿಂಗ ನೋಡಿ ಆರಿಸುವುದು ತಪ್ಪಲ್ಲ. ಹಾಗೆಂದು ‘ಹೆಣ್ಣಿಗೆ ಹೆಣ್ಣು, ಗಂಡಿಗೆ ಗಂಡು’ ಎಂಬ ಸೂತ್ರವೂ ಸಲ್ಲದು. ಚಿಕ್ಕಂದಿನಲ್ಲಿ ಗಂಡಸಿನಿಂದಲೇ ದೌರ್ಜನ್ಯಕ್ಕೊಳಗಾದ ಗಂಡಸಿಗೆ ಹೆಂಗಸಿನ ಮುಂದೆಯೇ ಉಸಿರು ಹಗುರಾಗಬಹುದು. ಕೆಲಸದ ಒತ್ತಡ, ಪರೀಕ್ಷೆಯ ಭಯ, ನಿದ್ರೆಗೇಡು, ಪ್ಯಾನಿಕ್ ಇವುಗಳಿಗೆ ಲಿಂಗ ಹುಡುಕುತ್ತ ಕಾಯುವುದು ನನ್ನ ಲೆಕ್ಕದಲ್ಲಿ ದಂಡ.

ಕಾಯುವುದಕ್ಕೂ ಬೆಲೆಯಿದೆ. ಎನ್‌ಎಚ್‌ಎಸ್‌ನ ಗುರಿ ನೂರಕ್ಕೆ 75 ಮಂದಿಗೆ 6 ವಾರದೊಳಗೆ, 95 ಮಂದಿಗೆ 18 ವಾರದೊಳಗೆ ಚಿಕಿತ್ಸೆ ಶುರು ಮಾಡುವುದು. ಗಡಿಯಾರ ಮೊದಲ ಭೇಟಿಗೇ ನಿಲ್ಲುತ್ತದೆ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವಿನ ಕಾಯುವಿಕೆ ಆ ಲೆಕ್ಕಕ್ಕೆ ಸೇರದು. ಇಂಗ್ಲೆಂಡಿನಲ್ಲಿ ಈ ಕೆಲಸದಲ್ಲಿರುವವರು ಬಹುಪಾಲು ಹೆಂಗಸರು, ಹಾಗಾಗಿ ‘ಗಂಡಸೇ ಬೇಕು’ ಎಂದವರ ಸರದಿ ಸಾಮಾನ್ಯವಾಗಿ ಹಿಂದೆ ಬೀಳುತ್ತದೆ. ಅರ್ಜಿ ಹಾಕುವಾಗಲೇ ಎರಡು ಮಾತು ಬಿಡಿಸಿ ಹೇಳಿಬಿಡಿ: ಇದು ಬೇಕೇಬೇಕಾದದ್ದೋ ಅಥವಾ ಸಿಕ್ಕರೆ ಒಳ್ಳೆಯದೋ, ಮತ್ತು ಎಷ್ಟು ವಾರ ಕಾಯಬಲ್ಲಿರಿ.

ಹೊರನಾಡಿನಲ್ಲಿ ಯಾರೂ ಗಮನಿಸದ ಮೂರನೆಯ ಕುರ್ಚಿ ಒಂದಿದೆ. ಮಗನ ಮನೆಗೆ ಬಂದು ನೆಲೆಸಿದ ತಾಯಿಗೆ ಇಂಗ್ಲಿಷ್ ಬಾರದಿದ್ದರೆ ದುಭಾಷಿಯನ್ನು ಸೇವೆಯವರೇ ಒದಗಿಸುತ್ತಾರೆ. ಚಿಕಿತ್ಸಕಿಯನ್ನು ಕೇಳಿ ಪಡೆದು, ದುಭಾಷಿಯ ಸ್ಥಾನಕ್ಕೆ ಅಪರಿಚಿತ ಗಂಡಸು ಬಂದರೆ ಎಲ್ಲವೂ ನೀರಿನಲ್ಲಿ ಹೋಮ. ದುಭಾಷಿಯೂ ಹೆಂಗಸೇ ಇರಲಿ ಎಂದು ಬೇರೆಯಾಗಿ ಕೇಳಬೇಕು. ಕನ್ನಡದ ದುಭಾಷಿಗಳು ಬೆರಳೆಣಿಕೆಯಷ್ಟು, ಅವರೇ ಯುಗಾದಿ ಕೂಟದಲ್ಲಿ ಎದುರಾಗುವ ಸಂಭವವೂ ಇದೆ. ದೂರದ ಊರಿನವರು ಫೋನಿನಲ್ಲಿ ಸಿಗಲಿ ಎಂದು ಕೇಳುವುದು ಇಂಥ ಕಡೆ ಲಿಂಗಕ್ಕಿಂತ ಮುಖ್ಯ. ಮಗ ಅಥವಾ ಸೊಸೆಯನ್ನು ದುಭಾಷಿ ಮಾಡುವುದಂತೂ ಬೇಡವೇ ಬೇಡ.

ಭಾಷೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಲಿಂಗದ ಮುಜುಗರ ಇಂಗ್ಲಿಷಿಗಿಂತ ಕನ್ನಡದಲ್ಲಿ ಹೆಚ್ಚು. ಮೈಯ ಅಂಗಗಳಿಗೆ ನಮ್ಮಲ್ಲಿರುವ ಹೆಸರುಗಳು ಒಂದೋ ಬೈಗುಳ, ಇಲ್ಲವೋ ಸಂಸ್ಕೃತದ ಪಠ್ಯಪುಸ್ತಕ. ಮುಟ್ಟು ‘ಡೇಟ್’ ಆಗುತ್ತದೆ, ಮಿಲನ ‘ಅದು’ ಆಗುತ್ತದೆ. ಕೇಳುವವರನ್ನು ನಾವು ಅಕ್ಕ, ಅಣ್ಣ, ಮೇಡಂ, ಸರ್ ಮಾಡಿಕೊಂಡೇ ಕೂರುವುದರಿಂದ, ಅಣ್ಣನ ಮುಂದೆ ‘ಅದು’ ಬಾಯಿಗೆ ಬಾರದು. ಸಲಿಂಗ ಸಂಬಂಧದಲ್ಲಿರುವವರಿಗೆ ಇನ್ನೊಂದು ಇಕ್ಕಟ್ಟು: ಇಂಗ್ಲಿಷಿನ ‘ಪಾರ್ಟ್‌ನರ್’ ಮುಚ್ಚಿಟ್ಟದ್ದನ್ನು ಕನ್ನಡದ ಬಂದ, ಬಂದಳು ಬಯಲು ಮಾಡುತ್ತವೆ. ‘ಅವರು ಬಂದರು’ ಎಂದು ನುಣುಚಿಕೊಳ್ಳಬಹುದು, ಆದರೆ ಹುಡುಗನೊಬ್ಬ ತನ್ನ ಪ್ರೀತಿಯವರನ್ನು ಪದೇ ಪದೇ ‘ಅವರು’ ಎಂದರೆ ಪಳಗಿದ ಕಿವಿಗೆ ಸುಳಿವು ಸಿಕ್ಕೇ ಸಿಗುತ್ತದೆ. ಅಂಥ ಸಂಗತಿಗಳನ್ನು ಇಂಗ್ಲಿಷಿನಲ್ಲಿ ಹೇಳಿ, ಅಳುವುದನ್ನು ಕನ್ನಡದಲ್ಲಿ ಅತ್ತರೆ ನಡೆಯುತ್ತದೆ. ಎರಡೂ ಬಲ್ಲ ಕೌನ್ಸೆಲರ್ ಸಿಕ್ಕರೆ ಲಿಂಗದಲ್ಲಿ ರಾಜಿ ಮಾಡಿಕೊಳ್ಳಬಹುದು.

ಒಂದೇ ಲಿಂಗದವರಾದರೆ ಬೇರೆಯೇ ಗುಂಡಿ ಕಾದಿರುತ್ತದೆ. ‘ನಿಮಗೆ ಗೊತ್ತಲ್ಲ, ನೀವೂ ಹೆಂಗಸೇ’ ಎಂದು ಅರ್ಧಕ್ಕೇ ನಿಲ್ಲಿಸುತ್ತೇವೆ, ಅವರೂ ತಲೆಯಾಡಿಸುತ್ತಾರೆ, ಹೇಳಬೇಕಾದದ್ದು ಉಳಿದೇಹೋಗುತ್ತದೆ. ‘ಗೊತ್ತಿಲ್ಲ, ಬಿಡಿಸಿ ಹೇಳಿ’ ಎನ್ನುವವರು ಕೆಲಸ ಬಲ್ಲವರು. ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎನ್ನುವ ಬಾಯಿ ಹೆಂಗಸಿನದೂ ಆಗಿರಬಹುದು.

ಮೇಡಮ್ಮೋ ಸರ್ರೋ ಎನ್ನುವ ಮೊದಲು ನೋಂದಣಿ ಕೇಳಿ. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ಭಾರತೀಯ ಪುನರ್ವಸತಿ ಮಂಡಳಿಯಾದ ಆರ್‌ಸಿಐ ನೋಂದಣಿ ಸಂಖ್ಯೆ ಇರಬೇಕು. ಬ್ರಿಟನ್ನಿನಲ್ಲಿ ಆ ಬಿರುದು ಆರೋಗ್ಯ ವೃತ್ತಿಗಳ ನಿಯಂತ್ರಣ ಮಂಡಳಿಯಾದ ಎಚ್‌ಸಿಪಿಸಿ ನೋಂದಣಿಯಿಲ್ಲದವರಿಗೆ ನಿಷಿದ್ಧ. ಬರೀ ‘ಕೌನ್ಸೆಲರ್’ ಎಂಬ ಹೆಸರಿಗೆ ಬ್ರಿಟನ್ನಿನ ಕಾನೂನಿನಲ್ಲೂ ಬೇಲಿಯಿಲ್ಲ, ಆದ್ದರಿಂದ ಬಿಎಸಿಪಿಯಂಥ ಕೌನ್ಸೆಲರ್‌ಗಳ ವೃತ್ತಿಸಂಘದ ಪಟ್ಟಿ ನೋಡಬೇಕು. ಅದರ ಸದಸ್ಯರು ವೃತ್ತಿಯಲ್ಲಿರುವಷ್ಟು ಕಾಲ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಅನುಭವಿ ಚಿಕಿತ್ಸಕರ ಮೇಲ್ವಿಚಾರಣೆ, ಅಂದರೆ ಸೂಪರ್‌ವಿಷನ್, ಪಡೆಯಲೇಬೇಕು. ‘ನಿಮಗೆ ಸೂಪರ್‌ವಿಷನ್ ಇದೆಯೇ?’ ಎಂದು ಬೆಂಗಳೂರಿನಲ್ಲಿ ಕೇಳಿದರೂ ತಪ್ಪಿಲ್ಲ.

ಯಾರ ಮುಖವೂ ಕಾಣದೆ ಮಾತಾಡುವುದೇ ಸುಲಭ ಎನ್ನುವವರಿಗೆ ಊರಲ್ಲಿ 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ಇದೆ. ಸಂಖ್ಯೆ 14416, ಉಚಿತ, ಹಗಲುರಾತ್ರಿ, ಕನ್ನಡದಲ್ಲೂ ಮಾತಾಡಬಹುದು.

ಆರಿಸಿದ್ದು ಹೊಂದದಿದ್ದರೆ ಮೂರು ನಾಲ್ಕು ಭೇಟಿ ನೋಡಿ. ಮಾತು ಹೊರಬಂದ ಮೇಲೆ ಆಗುವ ಸಂಕಟ ಚಿಕಿತ್ಸೆಯದೇ ಭಾಗ. ಹೇಳಬೇಕಾದ ಒಂದು ಸಂಗತಿಯನ್ನು ಪ್ರತಿ ಸಲವೂ ನುಂಗಿ ಎದ್ದು ಬರುತ್ತಿದ್ದರೆ ಬದಲಿಸಿ. ‘ಇಲ್ಲಿ ಹೇಳಲಾಗದ್ದು ಒಂದು ಉಳಿದಿದೆ, ಅದಕ್ಕೆ ಹೆಂಗಸೊಬ್ಬರು ಬೇಕು’ ಎಂದರೆ ಸಾಕು, ಯಾರ ಮನಸ್ಸೂ ನೋಯಬೇಕಾಗಿಲ್ಲ. ಹಾಗೆ ಬದಲಿಸುವಾಗ ಈವರೆಗಿನ ಸಾರಾಂಶವನ್ನು ಹೊಸಬರಿಗೆ ಕಳಿಸಿಕೊಡಲು ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟು ಬನ್ನಿ, ಮೊದಲಿನಿಂದ ಮತ್ತೆ ಹೇಳುವುದು ತಪ್ಪುತ್ತದೆ.