ಪಾಸ್ಟೆಲ್ ಚಿತ್ರ ಬಾಳಿಕೆ ಬರುವುದಿಲ್ಲವೇ? ಒಂದು ಸ್ಪಷ್ಟನೆ

‘ಪಾಸ್ಟೆಲ್ ಅಂದ್ರೆ ಬಣ್ಣದ ಸೀಮೆಸುಣ್ಣ. ಅದರಲ್ಲಿ ಬರೆದ ನಿಸರ್ಗಚಿತ್ರ ಹತ್ತು ವರ್ಷವೂ ಉಳಿಯಲ್ಲ’ ಎಂಬ ಮಾತು ಚಿತ್ರ ಬರೆಯುವವರ ನಡುವೆ ಓಡಾಡುತ್ತಿದೆ. ಇದು ತಪ್ಪು.

ಸೀಮೆಸುಣ್ಣದಲ್ಲಿ ಇರುವುದು ಬಹುಪಾಲು ಸುಣ್ಣದ ಪುಡಿ ಇಲ್ಲವೇ ಜಿಪ್ಸಮ್. ಒಳ್ಳೆಯ ಸಾಫ್ಟ್ ಪಾಸ್ಟೆಲ್‌ನಲ್ಲಿ ಬಣ್ಣದ ಪುಡಿಯೇ ಜಾಸ್ತಿ, ಹಿಡಿದಿಡಲು ಚೂರು ಅಂಟು. ಎಣ್ಣೆ ಇಲ್ಲ, ಹಾಗಾಗಿ ಎಣ್ಣೆಬಣ್ಣದ ಹಾಗೆ ಹಳದಿಯಾಗುವ ತಾಪತ್ರಯವೂ ಇಲ್ಲ. ಫ್ರೆಂಚ್ ಕಲಾವಿದ ಲಾ ತೂರ್ 1755ರಲ್ಲಿ ಪ್ರದರ್ಶಿಸಿದ, ಮದಾಂ ದ ಪೊಂಪದೂರ್ ಎಂಬಾಕೆಯ ಪಾಸ್ಟೆಲ್ ಚಿತ್ರ ಇಂದಿಗೂ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ. ಅದು ಭಾವಚಿತ್ರ, ಸರಿ. ಆದರೆ ಇನ್ನೊಬ್ಬ ಫ್ರೆಂಚ್ ಕಲಾವಿದ ದೆಗಾ 1892ರಲ್ಲಿ ಪ್ಯಾರಿಸ್‌ನಲ್ಲಿ ತೋರಿಸಿದ ನಿಸರ್ಗಚಿತ್ರಗಳೂ ಉಳಿದಿವೆ. ಅಚ್ಚೊತ್ತಿದ ಬಣ್ಣದ ಮೇಲೆ ಪಾಸ್ಟೆಲ್ ಎಳೆದು ಮಾಡಿದವು ಅವು.

ಈ ಮಾತು ಸುಮ್ನೆ ಹುಟ್ಟಿದ್ದೇನೂ ಅಲ್ಲ. ಕೆಲವು ಅಗ್ಗದ ಗುಲಾಬಿ, ನೇರಳೆ ಕಡ್ಡಿಗಳು ಬೆಳಕಿಗೆ ಪೇಲವವಾಗುತ್ತವೆ. ಸಂಜೆಯ ಆಕಾಶಕ್ಕೆ ಕೈ ಹೋಗುವುದೂ ಅವಕ್ಕೇ ಅಲ್ವಾ! ಆದರೆ ಅದು ಆ ಬಣ್ಣದ ದೋಷ, ಮಾಧ್ಯಮದ್ದಲ್ಲ. ಕೊಳ್ಳುವಾಗ ಬೆಳಕಿಗೆ ಬಣ್ಣ ಮಾಸದು ಎಂಬ ಗುರುತು ಇದೆಯೇ ನೋಡಿ.

‘ಫಿಕ್ಸೆಟಿವ್ (ಪುಡಿ ಉದುರದಂತೆ ಸಿಂಪಡಿಸುವ ಅಂಟುದ್ರವ) ಚೆನ್ನಾಗಿ ಹೊಡೆದರೆ ಸಾಕು’ ಎಂಬ ಸಲಹೆಯನ್ನೂ ನಂಬಬೇಡಿ. ಜಾಸ್ತಿಯಾದರೆ ಪುಡಿ ಒದ್ದೆಯಾಗಿ ಬಣ್ಣ ಗಾಢವಾಗುತ್ತದೆ. ಮೊದಲು ಕೆಡುವುದು ಮೋಡದ ಅಂಚಿನ ತಿಳಿ ಬಿಳುಪು. ಬೇಕಿದ್ದರೆ ಕೆಳಗಿನ ಪದರಕ್ಕೆ ತೆಳುವಾಗಿ ಹೊಡೆದು, ಕೊನೆಯ ತಿಳಿಬಣ್ಣ ಆಮೇಲೆ ಹಚ್ಚಿ.

ನಿಜವಾದ ರಕ್ಷಣೆ ಎಂದರೆ ಗಾಜು. ಅದು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್, ಅಂದರೆ ದಪ್ಪ ರಟ್ಟಿನ ಅಂಚು, ಇಡಬೇಕು. ಸಾಮಾನ್ಯ ಅಕ್ರಿಲಿಕ್ ಹಾಳೆ ಬೇಡ, ಅದು ಪುಡಿಯನ್ನು ಎಳೆದುಕೊಳ್ಳುತ್ತದೆ.