ಬಾಣದ ಗುರುತಿಗೆ ರಕ್ತಹೀನತೆ ಇಲ್ಲ

ರಾಯಚೂರು ಜಿಲ್ಲೆಯಲ್ಲಿ ಗರ್ಭಿಣಿಯರ ರಕ್ತಹೀನತೆ ಕಳೆಯುವುದು ಬಲು ಸುಲಭ. ಕಾಗದದ ಮೇಲೆ ಐದು ಚೌಕ, ನಾಲ್ಕು ಬಾಣ ಸಾಕು. ಮೊದಲ ಚೌಕದಲ್ಲಿ ಸಹಭಾಗಿತ್ವ: ಇಲಾಖೆ, ಪಂಚಾಯಿತಿ, ಒಂದು ಸಂಸ್ಥೆ. ಆಮೇಲೆ ಸಭೆ, ಕಬ್ಬಿಣಾಂಶದ ಗುಳಿಗೆ ವಿತರಣೆ, ಸೇವನೆ. ಕೊನೆಯ ಚೌಕದಲ್ಲಿ ಹಿಮೋಗ್ಲೋಬಿನ್ 11 ಗ್ರಾಂ ದಾಟಿ ನಗುತ್ತಿರುವ ತಾಯಿ. ಯಾವ ಹೆಜ್ಜೆಯಿಂದ ಯಾವ ಫಲ ಎಂದು ತೋರಿಸುವ ಈ ನಕ್ಷೆಗೆ ಥಿಯರಿ ಆಫ್ ಆ್ಯಕ್ಷನ್ ಅಂತಾರೆ.

ವಿಧಾನದಲ್ಲಿ ದೋಷವಿಲ್ಲ. ‘ಇದನ್ನು ಮಾಡಿದರೆ ಅದು ಆಗುತ್ತದೆ, ಯಾಕೆಂದರೆ…’ ಎಂದು ಮೊದಲೇ ಬರೆದಿಟ್ಟು, ಆ ‘ಯಾಕೆಂದರೆ’ ನಿಜವಾಯಿತೇ ಎಂದು ವರ್ಷದ ಕೊನೆಗೆ ನೋಡಬೇಕು. ನಮ್ಮವರು ಆ ‘ಯಾಕೆಂದರೆ’ಯನ್ನೇ ಕೈಬಿಟ್ಟರು. ನಕ್ಷೆಯಲ್ಲಿ ಪಾಲುದಾರರ ಲೋಗೋಗಳಿಗೆ ಜಾಗ ಬೇಕಿತ್ತಲ್ಲ!

ಹಾಗಾಗಿ ಮೌಲ್ಯಮಾಪಕರು ಚೌಕಗಳನ್ನಷ್ಟೇ ನೋಡುತ್ತಾರೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ನಡವಳಿ ಪುಸ್ತಕದಲ್ಲಿ ವರ್ಷಕ್ಕೆ 12 ಸಭೆ, ಒಂದೇ ಪೆನ್ನು, ಒಂದೇ ಕೈಬರಹ: ‘ಸಹಭಾಗಿತ್ವ ಸದೃಢ’. ಸಮಿತಿ ತನ್ನ ವಿವೇಚನೆಯಂತೆ ಬಳಸಬಹುದಾದ 10,000 ರೂಪಾಯಿ ಮುಕ್ತನಿಧಿ ಖರ್ಚಾಗಿದೆಯೇ? ಆಗಿದೆ, ಬೋರ್ಡ್ ಬರೆಸಿದ್ದಾರೆ. ಪೂರ್ಣ ಅಂಕ.

ರೋಗವಿರುವುದು ಬಾಣದಲ್ಲಿ. ವಿತರಣೆಯಿಂದ ಸೇವನೆಗೆ ಹೋಗುವ ಬಾಣವನ್ನೇ ನೋಡಿ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, 60 ಮಿಲಿಗ್ರಾಂ ಕಬ್ಬಿಣಾಂಶ, ಜೊತೆಗೆ ಫೋಲಿಕ್ ಆಸಿಡ್. ಹೆರಿಗೆಯಾದ ಮೇಲೂ ಅಷ್ಟೇ ದಿನ. ಗುಳಿಗೆ ಪಟ್ಟಿ ಕೈಗೆ ಕೊಟ್ಟರೆ ಲೆಕ್ಕ ಮುಗಿಯಿತು. ಆದರೆ ನುಂಗಿದರೆ ಹೊಟ್ಟೆ ತೊಳೆಸುತ್ತದೆ, ಮಲ ಕಪ್ಪಾಗುತ್ತದೆ, ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾದೀತೆಂದು ಅತ್ತೆ ಬೇಡ ಅನ್ನುತ್ತಾಳೆ. ನುಂಗಿದವಳೂ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತದು. ರಾತ್ರಿ ಊಟದ ಮೇಲೆ ನುಂಗು, ಚಹಾ ದೂರವಿಡು, ನಿಂಬೆಹುಳಿ ಸೇರಿಸು ಎಂದು ಬಿಡಿಸಿ ಹೇಳಲು ಒಂದು ಚೌಕವೂ ಇಲ್ಲ. ಇನ್ನು ಸುಗ್ಗಿ ಮುಗಿದರೆ ದೇವದುರ್ಗ, ಲಿಂಗಸುಗೂರು ಕಡೆಯ ಮಂದಿ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ತಾಯಿ ಕಾರ್ಡ್ ಟ್ರಂಕಿನಲ್ಲಿ, ಬಾಣ ಮಾತ್ರ ರಾಯಚೂರಿನಲ್ಲೇ.

ಪರೀಕ್ಷಿಸುವುದು ಕಷ್ಟವೇನಲ್ಲ. ‘ಖಾಲಿ ಪಟ್ಟಿ ತೋರ್ಸವ್ವಾ, ಹೋದ್ವಾರ ಎಷ್ಟು ನುಂಗಿದಿ?’ ಎಂದು ಕೇಳಬೇಕು. ರಕ್ತ ಕಡಿಮೆಯಿದ್ದವಳಿಗೆ ದಿನಕ್ಕೆರಡು ಗುಳಿಗೆ ಕೊಟ್ಟು, ತಿಂಗಳಾದ ಮೇಲೆ ಅವಳದೇ ಹಿಮೋಗ್ಲೋಬಿನ್ ಮತ್ತೆ ನೋಡಬೇಕು. 1 ಗ್ರಾಂ ಕೂಡ ಏರದಿದ್ದರೆ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಒಬ್ಬಳದೇ ಎರಡು ತಾರೀಕಿನ ಅಂಕಿಗಳು ರಿಜಿಸ್ಟರಿನಲ್ಲಿ ಅಕ್ಕಪಕ್ಕ ಸಿಗದಿದ್ದರೆ ಆ ಬಾಣ ಸುಳ್ಳು. ಊರಿನ ಎಲ್ಲರ ರಕ್ತವೂ 10.5ಕ್ಕೇ ಒಡಂಬಡಿಕೆ ಮಾಡಿಕೊಂಡಂತಿದ್ದರೆ ಇನ್ನೂ ದೊಡ್ಡ ಸುಳ್ಳು.

ವರದಿ ಬರುತ್ತದೆ: ಫಲಿತಾಂಶ ನಿರೀಕ್ಷೆಯಷ್ಟಿಲ್ಲ, ಸಹಭಾಗಿತ್ವ ಇನ್ನಷ್ಟು ಬಲಗೊಳ್ಳಬೇಕು, ಮತ್ತಿಬ್ಬರು ಪಾಲುದಾರರನ್ನು ಸೇರಿಸಿಕೊಳ್ಳಬೇಕು. ಅವರ ನಮೂನೆಗಳನ್ನೂ ತುಂಬುವ ಹೊಣೆ ಆಶಾ ಕಾರ್ಯಕರ್ತೆಯದು. ಅದಕ್ಕೆ ಬೇಕಾದ ಹೊತ್ತನ್ನು ಆಕೆ ಮನೆ ಭೇಟಿಯಲ್ಲಿ ಉಳಿಸಿಕೊಳ್ಳುತ್ತಾಳೆ.